ಕಂಬಿಯ ಸರ್ಟಿಫಿಕೇಟ್ ಓದೋದು ಹೇಗೆ?

ಮನೆ ಕಟ್ಟಿಸುವವರು ಟೈಲ್ಸ್ ಆರಿಸೋಕೆ ನಾಲ್ಕು ಭಾನುವಾರ ಅಂಗಡಿ ಅಲೆಯುತ್ತಾರೆ. ಪಿಲ್ಲರ್ ಒಳಗೆ ಹೋಗುವ ಕಂಬಿಯ ಮಾತು ಬಂದರೆ ಮಾತ್ರ ‘ಮೇಸ್ತ್ರಿ ನೋಡ್ಕೋತಾರೆ ಬಿಡಿ’ ಅಂತಾರೆ. ಟೈಲ್ಸ್ ಹಿಡಿಸದಿದ್ದರೆ ಕಿತ್ತು ಹಾಕಬಹುದು. ಕಾಂಕ್ರೀಟ್ ಒಳಗೆ ಸೇರಿದ ಕಂಬಿಯನ್ನು ಬದಲಾಯಿಸೋಕಾಗಲ್ಲ. ಹಾಗಾಗಿ ಲೋಡ್ ಇಳಿಸುವ ಮೊದಲೇ ಟೆಸ್ಟ್ ಸರ್ಟಿಫಿಕೇಟ್ ಕೇಳಿ.

ನಮ್ಮಲ್ಲಿ ಟಿಎಂಟಿ ಕಂಬಿಗೆ ಐಎಸ್ 1786 ಎಂಬ ಮಾನದಂಡವಿದೆ. ಅದರ 2008ರ ಆವೃತ್ತಿ ಎಫ್‌ಇ 500ಡಿ ದರ್ಜೆಗೆ ಹೇಳುವ ಮಿತಿ ಇಷ್ಟು: ಕಾರ್ಬನ್ 0.25%, ಗಂಧಕ 0.040%, ರಂಜಕ 0.040%, ಗಂಧಕ-ರಂಜಕ ಎರಡೂ ಸೇರಿ 0.075%. ಎಲ್ಲವೂ ಗರಿಷ್ಠ ಮಿತಿಗಳು. ಅಂದರೆ ಕಾರ್ಬನ್ 0.19 ಇದ್ದರೆ ‘ಕಡಿಮೆಯಾಯ್ತಲ್ಲ’ ಅಂತ ಗಾಬರಿ ಬೇಡ. ಟಿಎಂಟಿಯ ಬಲದ ದೊಡ್ಡ ಪಾಲು ಬರೋದು ಬಿಸಿ ಕಂಬಿಯನ್ನು ನೀರಿನಲ್ಲಿ ಥಟ್ಟನೆ ತಣಿಸುವುದರಿಂದ. ಕಾರ್ಬನ್ ಹೆಚ್ಚಾದರೆ ಕಂಬಿ ಗಡುಸಾಗುತ್ತೆ ನಿಜ, ಆದರೆ ಬಾಗುವ ಗುಣ ಕುಗ್ಗುತ್ತೆ, ವೆಲ್ಡಿಂಗ್ ಕಷ್ಟವಾಗುತ್ತೆ. ರಂಜಕ ಉಕ್ಕನ್ನು ಪೆಡಸಾಗಿಸುತ್ತದೆ.

ಕೂಡಿಸಿ ನೋಡಿ

ಗಂಧಕ 0.039, ರಂಜಕ 0.038 ಅಂತಿದೆ ಅನ್ನಿ. ಬೇರೆ ಬೇರೆಯಾಗಿ ಎರಡೂ ಪಾಸು. ಕೂಡಿಸಿದರೆ 0.077. ಫೇಲ್! ತುಂಬಾ ಜನ ಈ ಸಾಲನ್ನೇ ನೋಡೋದಿಲ್ಲ.

‘ಸ್ವಲ್ಪ ಜಾಸ್ತಿ ಇದ್ರೂ ನಡೀತದೆ ಸಾರ್’

ಈ ಮಾತು ಅರ್ಧ ಸತ್ಯ. ಮೇಲಿನ ಮಿತಿಗಳು ಕರಗಿದ ಉಕ್ಕಿನಿಂದ ತೆಗೆದ ಮಾದರಿಗೆ, ಅಂದರೆ ಲ್ಯಾಡಲ್ ಅನಾಲಿಸಿಸ್‌ಗೆ. ಅದು ಗಟ್ಟಿಯಾಗುವಾಗ ಅಂಶಗಳು ಎಲ್ಲ ಕಡೆ ಒಂದೇ ಸಮ ಹರಡಲ್ಲ. ಅದಕ್ಕೇ ತಯಾರಾದ ಕಂಬಿಯನ್ನು ಪರೀಕ್ಷಿಸಿದಾಗ ಸಣ್ಣ ರಿಯಾಯಿತಿ ಇದೆ: ಕಾರ್ಬನ್‌ಗೆ 0.02, ಗಂಧಕ, ರಂಜಕಕ್ಕೆ ತಲಾ 0.005, ಎರಡೂ ಸೇರಿದ್ದಕ್ಕೆ 0.010. ಲ್ಯಾಬ್‌ನಲ್ಲಿ ಕಂಬಿಯ ಕಾರ್ಬನ್ 0.26 ಬಂದರೆ ತಿರಸ್ಕರಿಸುವಂತಿಲ್ಲ. ಕಾರ್ಖಾನೆಯ ಲ್ಯಾಡಲ್ ವರದಿಯಲ್ಲೇ 0.26 ಇದ್ದರೆ ಅದು 500ಡಿ ಅಲ್ಲ. ಸಂಖ್ಯೆ ಒಂದೇ, ತೀರ್ಪು ಬೇರೆ. ಆದ್ದರಿಂದ ಮೊದಲು ಕೇಳಬೇಕಾದ್ದು ‘ಇದು ಯಾವ ಅನಾಲಿಸಿಸ್?’ ಅಂತ.

‘ಡಿ’ ಅಕ್ಷರ ಮರೀಬೇಡಿ

ಬರೀ ಎಫ್‌ಇ 500 ಆದರೆ ಕಾರ್ಬನ್ 0.30ರವರೆಗೆ, ಗಂಧಕ, ರಂಜಕ ತಲಾ 0.055ರವರೆಗೆ ಇರಬಹುದು. ಬಲದ ಸಂಖ್ಯೆ ಅದೇ 500. ಆದರೆ ತುಂಡಾಗುವ ಮೊದಲು ಕಂಬಿ ಹಿಗ್ಗಬೇಕಾದ ಪ್ರಮಾಣ 500ಕ್ಕೆ ಕನಿಷ್ಠ 12%, 500ಡಿಗೆ 16%. ಭೂಮಿ ನಡುಗಿದಾಗ ಲೆಕ್ಕಕ್ಕೆ ಬರೋದು ಈ ಹಿಗ್ಗುವಿಕೆ. ನಿಮ್ಮ ಎಂಜಿನಿಯರ್ ಡ್ರಾಯಿಂಗ್‌ನಲ್ಲಿ 500ಡಿ ಬರೆದಿದ್ದು, ಬಿಲ್‌ನಲ್ಲಿ ಬರೀ 500 ಇದ್ದರೆ ಒಪ್ಪಬೇಡಿ.

ಕೊನೆಗೆ ಎರಡು ಕೆಲಸ

ಸರ್ಟಿಫಿಕೇಟ್‌ನ ಹೀಟ್ ನಂಬರ್ ಮತ್ತು ಕಂಬಿಯ ಕಟ್ಟಿಗೆ ತೂಗುಹಾಕಿದ ಟ್ಯಾಗ್‌ನ ನಂಬರ್ ಹೊಂದಬೇಕು. ಹೊಂದದಿದ್ದರೆ ಆ ಕಾಗದ ಬೇರೆ ಯಾವುದೋ ಕಂಬಿಯದ್ದು. ಇನ್ನು ಐಎಸ್‌ಐ ಮಾರ್ಕ್ ಜೊತೆಗಿನ ಲೈಸೆನ್ಸ್ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ಹತ್ತು ನಿಮಿಷದ ಕೆಲಸ, ಲಾರಿ ಗೇಟಿನ ಹೊರಗೆ ಇರುವಾಗಲೇ ಮುಗಿಸಿ.