ಬುಟ್ಟಿಚೆಂಡಿನವರ ಬೂಟ್ಸು

ಈ ಯುಗಾದಿಗೆ ಹೊಸಪೇಟೆಯ ನಮ್ಮ ಮನೆಗೆ ಬಂದ ಸೋದರಳಿಯನು ಹಾಲಿನಂತೆ ಬೆಳ್ಳಗಿದ್ದ ಬೂಟ್ಸುಗಳನ್ನು ಧರಿಸಿದ್ದನು. ಕಣಕಾಲು ಮುಚ್ಚುವ ಎತ್ತರ, ಚಪ್ಪಟೆಯಾದ ರಬ್ಬರಿನ ಅಟ್ಟೆ, ಮಾರುದ್ದದ ಲೇಸು. ಹಿಂದಿನ ಬಾಸ್ಕೆಟ್‌ಬಾಲ್ ಆಟಗಾರರ ಮಾದರಿಯಂತೆ. ಆ ಆಟವನ್ನಾಡುವೆಯೇನೆಂದು ಕೇಳಿದೆವು. "ಇಲ್ಲ ಮಾವ" ಎಂದನು.

ವಾಚಕರು ನಗಬಾರದು. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಈ ಆಟವನ್ನು ಹುಟ್ಟಿಸಿದ ಜೇಮ್ಸ್ ನೈಸ್ಮಿತ್ ನಮ್ಮಂತೆಯೇ ಉಪಾಧ್ಯಾಯನು. ಕಾನ್ವರ್ಸ್ ಕಂಪನಿಯ ಆಲ್ ಸ್ಟಾರ್ ಬೂಟ್ಸು 1917ರದು. ನೈಕಿಯ ಏರ್ ಫೋರ್ಸ್ 1982ರದು. ಏರ್ ಜೋರ್ಡಾನ್ ಮಾರಾಟಕ್ಕೆ ಬಂದುದು 1985ರಲ್ಲಿ. ಆಟದ ಅಂಗಳದಲ್ಲಿ ಹಗುರಾದ ಹೊಸ ಮಾದರಿಗಳು ಇವುಗಳ ಸ್ಥಾನವನ್ನು ಹಿಡಿದುವು. ಬೀದಿಯಲ್ಲಿ ಮಾತ್ರ ಇವೇ ಉಳಿದುವು. ಆಡಂಬರವಿಲ್ಲದ ಆ ಆಕಾರದಲ್ಲಿ ಒಂದು ಅಂದವಿದೆಯೆಂಬುದನ್ನು, ಡ್ರಿಲ್ಲಿಗೆ ಬರುವ ಮಕ್ಕಳು ಕ್ಯಾನ್ವಾಸ್ ಬೂಟ್ಸಿಗೆ ಸೀಮೆಸುಣ್ಣ ಬಳಿಯುತ್ತಿದ್ದುದನ್ನು ಕಂಡ ನಾವು ಒಪ್ಪಲೇಬೇಕು.

ಆದರೆ ಆ ಅಟ್ಟೆಯು ಹುಟ್ಟಿದುದು ನುಣುಪಾದ ಮರದ ನೆಲಕ್ಕಾಗಿ. ಹಂಪಿಯ ಹೇಮಕೂಟದ ಇಳಿಜಾರು ಬಂಡೆಯ ಮೇಲೆ, ಉದುರುಮರಳಿನಲ್ಲಿ, ಅದು ಎರಡು ಬಾರಿ ಜಾರಿತು. ವಿರೂಪಾಕ್ಷನ ಬಾಗಿಲಲ್ಲಿ ಲೇಸು ಬಿಚ್ಚುವಷ್ಟರಲ್ಲಿ ನಮಗೆ ದರ್ಶನವೂ ಆಗಿಹೋಗಿತ್ತು. ರೇಣುಕೆಯ ಕಾಲು ಬಿಸಿಲಿಗೆ ಬೆಂದುದರಿಂದ ಮುನಿದ ಜಮದಗ್ನಿಗೆ ಸೂರ್ಯನೇ ಕೊಡೆಯನ್ನೂ ಪಾದರಕ್ಷೆಯನ್ನೂ ಕೊಟ್ಟನೆಂದು ಮಹಾಭಾರತದ ಅನುಶಾಸನ ಪರ್ವದಲ್ಲಿದೆ. ಸೂರ್ಯನು ಕೊಟ್ಟ ಜೋಡಿಗೆ ಗಾಳಿಯಾಡುತ್ತಿದ್ದಿರಬೇಕು. ಇವನ ದಪ್ಪ ಚರ್ಮದ ಬೂಟ್ಸಿನೊಳಗೆ ಕಾಲುಚೀಲವು ಹಿಂಡುವಷ್ಟು ತೊಯ್ದಿತ್ತು.

ಮರುದಿನ ಸಂಡೂರು. ಅಲ್ಲಿನ ಕಬ್ಬಿಣದ ಕೆಮ್ಮಣ್ಣು ಬಿಳುಪನ್ನು ಬಿಡುವುದುಂಟೆ? ಬ್ಲೀಚಿಂಗ್ ಪುಡಿಯನ್ನು ಮುಟ್ಟಬೇಡವೆಂದು ನಮ್ಮ ಮನೆಯವರು ತಡೆದರು. ಅದು ಕಬ್ಬಿಣದ ಕಲೆಯನ್ನು ಕೆಡಿಸುವುದೇ ಹೊರತು ತೆಗೆಯದು. ಬಿಳಿಯ ಲೇಸಿಗೆ ನಿಂಬೆಯ ರಸವನ್ನು ಸವರಿ ತೊಳೆದಾಗ ಕೆಂಪು ತುಸು ತಗ್ಗಿತು. ಕಂಪ್ಲಿಯ ಕಾಲುವೆಯ ಕೆಸರನ್ನಾದರೋ ಒಣಗಿಸಿ ಬ್ರಷ್ಷಿನಿಂದ ಉದುರಿಸಿದರೆ ಸಾಕು. ಒದ್ದೆಯಾದುದನ್ನು ಬಿಸಿಲಿಗಿಡದೆ, ಹಳೆಯ ವೃತ್ತಪತ್ರಿಕೆಯನ್ನು ತುರುಕಿ ನೆರಳಲ್ಲಿಡಬೇಕು.

ರಾತ್ರಿ ಊಟವಾದ ಮೇಲೆ ಅವನು ಮತ್ತೊಂದು ಸಂಗತಿಯನ್ನು ಹೇಳಿದನು. ಆರು ವರ್ಷಗಳ ಹಿಂದೆ, ಮೊದಲನೆಯ ಸಂಬಳದಲ್ಲಿ, ಇಂಥದೇ ಒಂದು ಜೊತೆಯನ್ನು ಕೊಂಡಿದ್ದನಂತೆ. ಸವೆಯಬಾರದೆಂದು ಪೆಟ್ಟಿಗೆಯಲ್ಲಿಯೇ ಇಟ್ಟಿದ್ದನು. ಕಳೆದ ದೀಪಾವಳಿಗೆ ತೆಗೆದು ಮೆಟ್ಟಿ ನಾಲ್ಕು ಹೆಜ್ಜೆಯಿಟ್ಟನೋ ಇಲ್ಲವೋ, ಅಟ್ಟೆಯು ಹಳೆಯ ಚಕ್ಕುಲಿಯಂತೆ ಪುಡಿಯಾಯಿತು! ಕೆಲವು ಮಾದರಿಗಳ ಅಟ್ಟೆಯಲ್ಲಿ ಪಾಲಿಯುರಿಥೇನ್ ಎಂಬ ಮೆತ್ತನೆಯ ವಸ್ತುವಿರುತ್ತದೆ. ಗಾಳಿಯ ತೇವವು ಅದನ್ನು ಒಳಗೊಳಗೇ ಒಡೆಯುವುದು. ಪೆಟ್ಟಿಗೆಯಲ್ಲಿಟ್ಟ ಮಾತ್ರಕ್ಕೆ ತಪ್ಪುವುದಿಲ್ಲ. ಅವನ ದನಿ ಕುಗ್ಗಿತ್ತು. ಬೆಲೆಯನ್ನು ನಾವು ಕೇಳಲಿಲ್ಲ.

ಹೊರಡುವ ದಿನ ಅದೇ ಕೆಂಪಡರಿದ ಬೂಟ್ಸುಗಳನ್ನು ಮೆಟ್ಟಿದನು. ಲೇಸು ಕಟ್ಟುವುದರಲ್ಲಿ ಹೊತ್ತಾಗಿ ರೈಲುನಿಲ್ದಾಣಕ್ಕೆ ಓಡಬೇಕಾಯಿತು. ಚೆನ್ನಾಗಿಯೇ ಓಡಿದನು.