ಗಣಿಯೊಳಗಿನ ಹಳೇ ನೀರು

‘ಮಿಷನ್ ರಾಣಿಗಂಜ್’ ಸಿನಿಮಾ ನೋಡಿದವರಿಗೆ ನೆನಪಿರೋದು ಅಕ್ಷಯ್ ಕುಮಾರ್ ಮತ್ತು ಆ ಉಕ್ಕಿನ ಕ್ಯಾಪ್ಸೂಲ್. 1989ರ ನವೆಂಬರ್‌ನಲ್ಲಿ ಪಶ್ಚಿಮ ಬಂಗಾಳದ ಮಹಾಬೀರ್ ಕಲ್ಲಿದ್ದಲು ಗಣಿಗೆ ನೀರು ನುಗ್ಗಿ ಆರು ಜನ ಸತ್ತರು. ಒಳಗೆ ಸಿಕ್ಕಿಬಿದ್ದಿದ್ದ 65 ಮಂದಿಯನ್ನು ಗಣಿ ಎಂಜಿನಿಯರ್ ಜಸ್ವಂತ್ ಸಿಂಗ್ ಗಿಲ್ ಮತ್ತು ಅವರ ಜೊತೆಗಾರರು ಒಬ್ಬೊಬ್ಬರನ್ನಾಗಿ ಮೇಲೆ ತಂದರು. ಸಿನಿಮಾ ಆಗಲೇಬೇಕಾದ ಕಥೆ, ಬಿಡಿ. ಆದ್ರೆ ನನ್ನ ತಲೆಯಲ್ಲಿ ಉಳಿದದ್ದು ಬೇರೆ ಪ್ರಶ್ನೆ: ನೆಲದಡಿ ಅಷ್ಟು ಆಳದಲ್ಲಿ, ಅಷ್ಟೊಂದು ನೀರು ಒಮ್ಮೆಲೇ ಬಂದದ್ದು ಎಲ್ಲಿಂದ?

ಅಂತರ್ಜಲ ಅಂದ್ರೆ ನಮಗೆ ಗೊತ್ತಿರೋದು ಬೋರ್‌ವೆಲ್. ಕರ್ನಾಟಕದ ಬಹುಭಾಗ ಗಟ್ಟಿ ಕಲ್ಲು. ನೀರು ಇರೋದು ಮೇಲಿನ ಸಡಿಲ ಪದರದಲ್ಲಿ, ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಿ. ಅದಕ್ಕೇ ನಿಮ್ಮ ಸೈಟಿನಲ್ಲಿ 300 ಅಡಿಗೆ ನೀರು, ಪಕ್ಕದ ಸೈಟಿನಲ್ಲಿ 900 ಅಡಿ ಕೊರೆದರೂ ಬರೀ ಧೂಳು.

ಕಲ್ಲಿದ್ದಲು ಸಿಗುವ ನೆಲ ಹೀಗಲ್ಲ. ಸುಮಾರು 25ರಿಂದ 30 ಕೋಟಿ ವರ್ಷಗಳ ಹಿಂದೆ ಕುಸಿದ ಕಣಿವೆಗಳಲ್ಲಿ ಜೌಗು ಕಾಡುಗಳಿದ್ದವು. ನದಿಗಳು ತಂದ ಮರಳು, ಕೆಸರು, ಸತ್ತ ಗಿಡಮರ ಎಲ್ಲ ಒಂದರ ಮೇಲೊಂದು ಕೂತವು. ಮರಳು ಮರಳುಗಲ್ಲಾಯಿತು, ಕೆಸರು ಜೇಡಿಗಲ್ಲಾಯಿತು, ಗಿಡಮರ ಕಲ್ಲಿದ್ದಲಾಯಿತು. ದಾಮೋದರ ಕಣಿವೆಯ ರಾಣಿಗಂಜ್, ಝರಿಯಾ, ಗೋದಾವರಿ ಕಣಿವೆಯ ಸಿಂಗರೇಣಿ ಎಲ್ಲವೂ ಇದೇ ಬಗೆಯವು. (ನಮ್ಮಲ್ಲಿ ಕಲ್ಲಿದ್ದಲಿಲ್ಲ. ರಾಯಚೂರು ಥರ್ಮಲ್‌ಗೆ ಸಿಂಗರೇಣಿಯಿಂದಲೂ ಬರುತ್ತೆ.) ಮರಳುಗಲ್ಲು ತನ್ನ ಕಣಗಳ ಸಂದಿಯಲ್ಲಿ, ಸೀಳುಗಳಲ್ಲಿ ನೀರು ಹಿಡಿದಿಟ್ಟುಕೊಳ್ಳುತ್ತೆ. ಜೇಡಿಗಲ್ಲು ಸುಲಭಕ್ಕೆ ನೀರು ಬಿಡಲ್ಲ. ಅಂದರೆ ಕಲ್ಲಿದ್ದಲಿನ ಮೇಲೆ ಕೆಳಗೆ ಮುಚ್ಚಳ ಹಾಕಿಟ್ಟ ನೀರಿನ ಪದರಗಳು.

ಅದರೊಳಗೆ ಸುರಂಗ ತೋಡಿದರೆ ಏನಾಗುತ್ತೆ? ಮೈಲಿಗಟ್ಟಲೆ ಹಬ್ಬಿದ ಒಂದು ಬಾವಿ ತೋಡಿದ ಹಾಗೆ. ಸುತ್ತಲಿನ ನೀರು ಅತ್ತಲೇ ಜಿನುಗುತ್ತೆ. ಗಣಿಯ ತೀರಾ ತಗ್ಗಿನಲ್ಲಿ ಗುಂಡಿ ಮಾಡಿ, ಅಲ್ಲಿಂದ ಹಗಲೂ ರಾತ್ರಿ ಪಂಪ್ ಓಡಿಸಬೇಕು. ನೀರು ಹೆಚ್ಚಿರುವ ಗಣಿಗಳಲ್ಲಿ ಕಲ್ಲಿದ್ದಲಿಗಿಂತ ಹೆಚ್ಚು ತೂಕದ ನೀರು ಮೇಲೆ ಬರುತ್ತೆ.

ಕಲ್ಲಿದ್ದಲನ್ನು ಪೂರ್ತಿ ಒಮ್ಮೆಗೇ ತೆಗೆಯೋದಿಲ್ಲ. ಚಾವಣಿ ಕುಸಿಯದಿರಲಿ ಅಂತ ಮಧ್ಯೆ ಮಧ್ಯೆ ಕಲ್ಲಿದ್ದಲಿನ ಕಂಬಗಳನ್ನು ಬಿಡ್ತಾರೆ. ಕೊನೆಗೆ ಆ ಕಂಬಗಳನ್ನೂ ತೆಗೆದು ಹಿಂದೆ ಸರೀತಾರೆ, ಚಾವಣಿ ಬೀಳುತ್ತೆ. ಬಿದ್ದಲ್ಲಿಂದ ಬಿರುಕುಗಳು ಮೇಲಕ್ಕೆ ಹಬ್ಬುತ್ತವೆ. ಮೇಲಿನ ಜೇಡಿಗಲ್ಲು ಸಾಕಷ್ಟು ದಪ್ಪ ಇದ್ದರೆ ಬಾಗಿ, ಬಿರುಕು ಮುಚ್ಚಿಕೊಳ್ಳುತ್ತೆ. ಇಲ್ಲದಿದ್ದರೆ ಬಿರುಕು ಮರಳುಗಲ್ಲನ್ನು ಮುಟ್ಟಿ, ಅದರ ನೀರು ಗಣಿಗಿಳಿಯುತ್ತೆ. ಮೇಲೆ ಹೊಲ ತಗ್ಗು ಬೀಳುತ್ತೆ, ಊರಿನ ಬಾವಿ ಬತ್ತುತ್ತೆ. ಆ ಬಾವಿಯ ಮನೆಯವರು ಮಳೆಯನ್ನೋ ಪಕ್ಕದವರ ಬೋರನ್ನೋ ಬೈಯುತ್ತಿರುತ್ತಾರೆ. ಕಾರಣ ಅವರ ಕಾಲ ಕೆಳಗೇ ಇರುತ್ತೆ. ಇದನ್ನು ತಪ್ಪಿಸೋಕೆ ಕಲ್ಲಿದ್ದಲು ತೆಗೆದ ಜಾಗಕ್ಕೆ ನದಿಯ ಮರಳನ್ನು ನೀರಲ್ಲಿ ಕಲಸಿ ಪೈಪಿನಲ್ಲಿ ಬಿಟ್ಟು ತುಂಬಿಸುವ ಪದ್ಧತಿ ನಮ್ಮ ಗಣಿಗಳಲ್ಲಿದೆ. ಖರ್ಚಿನ ಕೆಲಸ ಅದು.

ಇಷ್ಟಾದರೂ ಜಿನುಗುವ ನೀರನ್ನು ಪಂಪಿನಿಂದ ಸಂಭಾಳಿಸಬಹುದು. ಜೀವ ತೆಗೆಯೋದು ಹೆಚ್ಚಾಗಿ ನಿಂತ ನೀರು. ಗಣಿ ಮುಚ್ಚಿ ಪಂಪ್ ನಿಲ್ಲಿಸಿದ ಮೇಲೆ ಹಳೇ ಸುರಂಗಗಳು ತುಂಬಿಕೊಳ್ಳುತ್ತವೆ. ರಾಣಿಗಂಜ್‌ನಲ್ಲಿ ಗಣಿಗಾರಿಕೆ ಶುರುವಾದದ್ದು 1774ರಲ್ಲಿ. 1970ರ ದಶಕದ ಆರಂಭದಲ್ಲಿ ರಾಷ್ಟ್ರೀಕರಣ ಆಗೋವರೆಗೆ ಎಷ್ಟೋ ಮಾಲೀಕರು ಬಂದರು, ಅಗೆದರು, ಬಿಟ್ಟುಹೋದರು. ಮಹಾಬೀರ್‌ನಲ್ಲಿ ಒಡೆದದ್ದು ಅಂಥದ್ದೇ ಹಳೇ ನೀರಿನ ಗೋಡೆ. ಅದಕ್ಕೂ ಮುಂಚೆ, 1975ರ ಡಿಸೆಂಬರ್ 27ರಂದು, ಧನಬಾದ್ ಹತ್ತಿರದ ಚಾಸ್‌ನಾಲಾದಲ್ಲಿ ಮೇಲಿನ ಹಳೇ ಗಣಿಯಲ್ಲಿ ನಿಂತಿದ್ದ ನೀರು ಕೆಳಗೆ ನುಗ್ಗಿ 375 ಜನ ಸತ್ತರು. ಅಮಿತಾಭ್ ಅವರ ‘ಕಾಲಾ ಪತ್ಥರ್’ಗೆ ಹಿನ್ನೆಲೆಯಾದದ್ದು ಇದೇ ದುರಂತ. ಅಮೆರಿಕದ ಪೆನ್ಸಿಲ್ವೇನಿಯಾದ ಕ್ವೀಕ್ರೀಕ್‌ನಲ್ಲೂ 2002ರ ಜುಲೈನಲ್ಲಿ ಹೀಗೇ ಆಯ್ತು. ಕಾರ್ಮಿಕರು ಕಲ್ಲಿದ್ದಲು ಕಡಿಯುತ್ತಾ ಪಕ್ಕದ ಮುಚ್ಚಿದ ಗಣಿಯ ನೀರಿಗೆ ತೂತು ಮಾಡಿಬಿಟ್ಟರು. ಆ ಗಣಿಯ ಕೊನೆಯ ನಕ್ಷೆ ಅವರ ಕೈಯಲ್ಲಿರಲಿಲ್ಲ. ಸಿಕ್ಕಿಬಿದ್ದ ಒಂಬತ್ತೂ ಜನ ಬದುಕಿ ಬಂದದ್ದು ಪುಣ್ಯ.

ನಮ್ಮ ನಿಯಮದಲ್ಲಿ ಇದಕ್ಕೆ ಉತ್ತರ ಇದೆ. ನೀರಿರಬಹುದಾದ ಹಳೇ ಗಣಿಯ 60 ಮೀಟರ್ ಒಳಗೆ ಬಂದರೆ ಸುರಕ್ಷತಾ ನಿರ್ದೇಶನಾಲಯದ ಲಿಖಿತ ಅನುಮತಿಯಿಲ್ಲದೆ ಮುಂದುವರಿಯುವಂತಿಲ್ಲ. ಮುಂದೆ ಸಾಗುವಾಗಲೂ ಮೊದಲು ಸಣ್ಣ ರಂಧ್ರ ಕೊರೆದು ಆಚೆ ನೀರಿದೆಯಾ ಅಂತ ನೋಡಬೇಕು. ಆದ್ರೆ ಆ 60 ಮೀಟರ್ ಅಳೆಯೋದು ನಕ್ಷೆಯಲ್ಲಿ ಬರೆದ ಗೆರೆಯಿಂದ. ಕೆಲಸ ಬಿಟ್ಟು ಹೋದವರು ಬರೆದ ಕೋಡನ್ನು, ಡಾಕ್ಯುಮೆಂಟೇಶನ್ ನಂಬಿ ಮುಟ್ಟಿದವರಿಗೆ ಇದರ ಕಷ್ಟ ಅರ್ಥವಾಗುತ್ತೆ. ನಮ್ಮಲ್ಲಿ ಸರ್ವರ್ ಬೀಳುತ್ತೆ, ಅಷ್ಟೇ. ಅಲ್ಲಿ ಹಳೇ ಮಾಲೀಕ ತನ್ನ ಗಡಿ ದಾಟಿ ಹತ್ತಿಪ್ಪತ್ತು ಮೀಟರ್ ಕದ್ದು ಅಗೆದಿದ್ದರೆ ನಕ್ಷೆ ಅದನ್ನು ಹೇಳೋದಿಲ್ಲ. ಆಗ ನಂಬಬಹುದಾದದ್ದು ಮುಂಚೆ ಕೊರೆವ ಆ ರಂಧ್ರ ಒಂದೇ. ಕೊರೆಯೋವಾಗ ಕಲ್ಲಿದ್ದಲು ಬರಲ್ಲ, ಶಿಫ್ಟಿನ ಟಾರ್ಗೆಟ್ ಮುಟ್ಟಲ್ಲ. ಆ ಹೊತ್ತಿನಲ್ಲಿ ‘ಕೊರೆಯದೆ ಮುಂದೆ ಹೋಗಲ್ಲ’ ಅನ್ನೋ ಧೈರ್ಯ ಒಬ್ಬ ಜೂನಿಯರ್‌ಗೆ ಇರಬೇಕು, ಅದನ್ನು ಕೇಳಿಸಿಕೊಳ್ಳುವ ಮ್ಯಾನೇಜರ್ ಇರಬೇಕು.

ಈಗ ದೇಶದ ಬಹುಪಾಲು ಕಲ್ಲಿದ್ದಲು ಬರೋದು ತೆರೆದ ಗಣಿಗಳಿಂದ. ನೆಲದಡಿಯ ಗಣಿಗಳು ಒಂದೊಂದಾಗಿ ಮುಚ್ಚಿ, ನೀರು ತುಂಬಿಕೊಳ್ಳುತ್ತಿವೆ. ಕೋಲ್ ಇಂಡಿಯಾ ಗಣಿ ನೀರನ್ನು ಶುದ್ಧ ಮಾಡಿ ಸುತ್ತಲಿನ ಹಳ್ಳಿಗಳಿಗೆ ಕುಡಿಯೋಕೆ, ಹೊಲಕ್ಕೆ ಕೊಡುತ್ತಿದೆ. ದಾಮೋದರ, ಗೋದಾವರಿ ಕಣಿವೆಗಳ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ. ಹಾಗಾಗಿ ಅಲ್ಲಿನ ನೀರು ಸಾಮಾನ್ಯವಾಗಿ ಮೇಘಾಲಯದ ಗಣಿಗಳ ಹಾಗೆ ಆಮ್ಲ ಆಗಿರೋದಿಲ್ಲ. ಬಾವಿ ಬತ್ತಿದ ಊರಿಗೆ ಅದೇ ಗಣಿಯ ನೀರು ನಲ್ಲಿಯಲ್ಲಿ ವಾಪಸ್ ಬಂದರೆ ಒಳ್ಳೆಯದೇ. ಅಂಥ ಗಣಿಯ ಪಕ್ಕದಲ್ಲಿ ಇನ್ನೊಂದು ಗಣಿ ಇನ್ನೂ ನಡೀತಿದ್ದರೆ ಮಾತ್ರ, ಮುಚ್ಚಿದ ಗಣಿಯ ನೀರಿನ ಮಟ್ಟವನ್ನು ಅಳೆಯುತ್ತಲೇ ಇರಬೇಕು, ಆ ಅಂಕಿ ಪಕ್ಕದ ಗಣಿಯ ನಕ್ಷೆಗೂ ಬರಬೇಕು. ಕೆಳಗಿಳಿಯೋ ಶಿಫ್ಟಿನವರ ಕಣ್ಣಿಗೆ ಬೀಳೋ ಜಾಗದಲ್ಲೇ ಅದನ್ನು ಬರೆದು ಹಾಕಬೇಕು.