ಪ್ರಶ್ನೆಗೆ ಎಪ್ಪತ್ತೈದು ಸೆಕೆಂಡು
ಕಾಪು, ಕಾರ್ಕಳಗಳಿಂದ ಬೆಳಗಿನ ಬಸ್ಸು ಹಿಡಿದು ಉಡುಪಿ, ಮಣಿಪಾಲಗಳಿಗೆ ಓದಲು ಬರುವ ತರುಣ ತರುಣಿಯರಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪ್ರವೇಶಪರೀಕ್ಷೆಯ ಮೇಲೆ ಕಣ್ಣಿಟ್ಟವರು, ಗಣಿತಸೂತ್ರಗಳನ್ನು ಕಂಠಸ್ಥಗೊಳಿಸುವಲ್ಲಿ ತೋರುವ ಶ್ರದ್ಧೆಯ ಅರ್ಧಾಂಶವನ್ನಾದರೂ ಕಾಲದ ಲೆಕ್ಕಕ್ಕೆ ವಿನಿಯೋಗಿಸಿದರೆ ಲೇಸೆಂದು ನನ್ನ ಅಭಿಮತ. ಗಣಿತಪತ್ರಿಕೆಯಲ್ಲಿ 120 ಪ್ರಶ್ನೆಗಳು, 150 ನಿಮಿಷಗಳು. ಎಂದರೆ ಪ್ರಶ್ನೆಯೊಂದಕ್ಕೆ 75 ಸೆಕೆಂಡು, ಅದರಲ್ಲಿಯೇ ಉತ್ತರದ ವೃತ್ತವನ್ನು ಕಪ್ಪು ಬಾಲ್‌ಪೆನ್ನಿನಿಂದ ತುಂಬುವ ಹೊತ್ತೂ ಅಡಕವಾಗಿದೆ. ಸರಿಯುತ್ತರಕ್ಕೆ ಎರಡೂವರೆ ಅಂಕ ದೊರೆತರೆ, ತಪ್ಪಿಗೆ ಅದರ ಮೂರನೆಯ ಒಂದಂಶ ಕಳೆಯುವುದರಿಂದ, ಏನೂ ತೋಚದ ಪ್ರಶ್ನೆಯನ್ನು ಬಿಟ್ಟು ಮುಂದೆ ಸಾಗುವುದು ಹೇಡಿತನವಲ್ಲ, ವಿವೇಕವೇ ಸರಿ. ಆದರೆ ತರಗತಿಯ ಮೊದಲಿಗರಿಗೆ ತ್ರಿಕೋನಮಿತಿಯ ಲೆಕ್ಕವೊಂದನ್ನು ಅರ್ಧದಲ್ಲಿ ಬಿಡುವುದೆಂದರೆ, ನಮ್ಮ ಉಡುಪಿಯವರು ಪಾಯಸ ಬಡಿಸುವ ಮುನ್ನವೇ ಎಲೆಯಿಂದ ಏಳುವಷ್ಟು ಕಷ್ಟ. ಬಿಟ್ಟ ಪ್ರಶ್ನೆಯ ಸಾಲನ್ನು ಉತ್ತರಪತ್ರಿಕೆಯಲ್ಲಿಯೂ ಬಿಡಲು ಮರೆತವನಂತೂ ಮುಂದಿನ ಸರಿಯುತ್ತರಗಳನ್ನೆಲ್ಲ ತಪ್ಪು ವೃತ್ತಗಳಿಗೆ ಧಾರೆಯೆರೆಯುತ್ತಾನೆ. ಮಧ್ಯಾಹ್ನದ ಸಾಮಾನ್ಯ ಸಾಮರ್ಥ್ಯ ಪತ್ರಿಕೆ ಇನ್ನೂ ನಿರ್ದಯವಾದುದು: 150 ಪ್ರಶ್ನೆಗಳು, ಅಷ್ಟೇ ನಿಮಿಷಗಳು. ಈ ಪರೀಕ್ಷೆಯನ್ನು ನಡೆಸುವ ಕೇಂದ್ರ ಲೋಕಸೇವಾ ಆಯೋಗವು ಹಳೆಯ ಪ್ರಶ್ನೆಪತ್ರಿಕೆಗಳನ್ನು ತನ್ನ ಜಾಲತಾಣದಲ್ಲಿಯೇ ಇಟ್ಟಿದೆ. ಅಭ್ಯರ್ಥಿಗಳು ಅವನ್ನು ಬಿಡಿಬಿಡಿಯಾಗಿ ಬಿಡಿಸದೆ, ಗಡಿಯಾರವನ್ನು ಎದುರಿಗಿಟ್ಟು ಎರಡೂವರೆ ಗಂಟೆ ಎದ್ದೇಳದೆ ಬಿಡಿಸಲಿ, ಮನೆಯವರು ಆ ಹೊತ್ತಿನಲ್ಲಿ ಅವರನ್ನು ಅಂಗಡಿಗೆ ಕಳುಹಿಸದಿರಲಿ.